ಚಿಕ್ಕತಾಯಮ್ಮನ ಮೊಮ್ಮಗಳು ಸಾಲಿನಲ್ಲಿ ನಿಂತದ್ದು

ಹೊಂಗೆಹುಂಡಿಯ ಚಿಕ್ಕತಾಯಮ್ಮನಿಗೆ ಓದು ಬರಹ ಅಷ್ಟಕ್ಕಷ್ಟೇ. ತನ್ನ ಹೆಸರು ಬರೆಯಬಲ್ಲಳು, ಗಡಿಯಾರ ನೋಡಬಲ್ಲಳು, ಬಸ್ಸಿನ ಬೋರ್ಡಿನಲ್ಲಿ ನಂಜನಗೂಡು ಯಾವುದು, ನರಸೀಪುರ ಯಾವುದು ಅಂತ ಗುರುತು ಹಿಡಿಯಬಲ್ಲಳು. ಆದರೆ ಸಾಲು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂಬುದನ್ನು ಅವಳನ್ನೇ ಕೇಳಬೇಕು. ಮೂವತ್ತೆಂಟು ವರ್ಷ ನಾಟಿ ಹೆಂಗಸರ ಗುಂಪು ಕಟ್ಟಿಕೊಂಡು ನಾಲೆ ಕೆಳಗಿನ ಗದ್ದೆಗಳಲ್ಲಿ ಹಗ್ಗ ಹಿಡಿದು ಪೈರು ಹಾಕಿಸಿದವಳು. ಬದುವಿನ ಮೇಲೆ ನಿಂತು ಒಂದು ಕಣ್ಣು ಕಿರಿದು ಮಾಡಿ, "ಏಳನೇ ಪೈರು ಒಂದ್ಬೆರಳು ಆಚಗದ, ತಗದಾಕವ್ವ" ಅಂದರೆ ಏಳನೇ ಪೈರು ಒಂದು ಬೆರಳು ಆಚೆಗೇ ಇರುತ್ತಿತ್ತು. ಎಷ್ಟು ಕಟ್ಟು ಪೈರು ಇಳಿಯಿತು ಎಂಬ ಲೆಕ್ಕಕ್ಕೆ ಅವಳದು ಹುಣಸೆ ಬೀಜ. ಎಲೆಅಡಿಕೆ ಚೀಲದ ಬಲಗೂಡಿನಿಂದ ಎಡಗೂಡಿಗೆ ಕಟ್ಟಿಗೊಂದರಂತೆ ಬೀಜ ದಾಟಿಸುತ್ತಿದ್ದಳು. ಆ ಲೆಕ್ಕ ತಪ್ಪಿದೆ ಎಂದು ವಾದಿಸಿದ ಯಜಮಾನರು ಇಬ್ಬರು. ಇಬ್ಬರೂ ಮಾರನೆಯ ದಿನ ಬಂದು, ತಪ್ಪು ತಮ್ಮದೇ ಎಂದು ಒಪ್ಪಿಕೊಂಡು ಹೋದರು.

ಗಂಡ ತೀರಿಕೊಂಡ ಮೇಲೆ, ಮಂಡಿಯೂ ಸವೆದ ಮೇಲೆ, ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟಳು. ಮಗ ಶಿವಮೂರ್ತಿ, ಸೊಸೆ ಇಂದ್ರಾಣಿ ಇಬ್ಬರೂ ಬೆಳಗಾದರೆ ನಂಜನಗೂಡಿನ ಕಾರ್ಖಾನೆಯ ಬಸ್ಸು ಹತ್ತುವವರು. ಮೊಮ್ಮಗಳು ಕೋಮಲಳನ್ನು ಶಾಲೆಗೆ ಬಿಡುವುದು ಚಿಕ್ಕತಾಯಮ್ಮನ ಕೆಲಸ.

ಕೋಮಲಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಮೈಸೂರಿನ ಡಾಕ್ಟರು ಆಟಿಸಂ ಅಂತ ಬರೆದುಕೊಟ್ಟಿದ್ದರು. ಊರಿನವರು ಒಬ್ಬೊಬ್ಬರು ಒಂದೊಂದು ಹೆಸರು ಕೊಟ್ಟಿದ್ದರು. ಚಿಕ್ಕತಾಯಮ್ಮ ಮಾತ್ರ ಕೋಮಲ ಅಂತಲೇ ಕರೆಯುತ್ತಿದ್ದಳು. ಹುಡುಗಿ ತುದಿಗಾಲಲ್ಲಿ ನಡೆಯುತ್ತಿದ್ದಳು, ಮಾತು ಕಡಿಮೆ, ನಿಲ್ಲಿಸಿದರೆ ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದಳು. ಒಮ್ಮೊಮ್ಮೆ ಪಕ್ಕದವಳ ಮೇಲೆ ಬೀಳುತ್ತಿದ್ದಳು. ಶಾಲೆಗೆ ಸೇರುವ ಮುಂಚೆ ಮನೆಯಲ್ಲೇ ಇದ್ದ ಎರಡು ವರ್ಷದಲ್ಲಿ ಅವಳು ಕಲಿತದ್ದು ಮೂರು ಮಾತು. ಶಾಲೆಗೆ ಸೇರಿದ ಒಂದೂವರೆ ವರ್ಷದಲ್ಲಿ ಹತ್ತೊಂಬತ್ತು. ಈ ಲೆಕ್ಕವೂ ಅಜ್ಜಿಯದೇ. ಹತ್ತೊಂಬತ್ತರಲ್ಲಿ ಎರಡು ಬೈಗುಳ. ಅವನ್ನೂ ಸೇರಿಸಿಕೊಂಡಿದ್ದಳು. ಮಾತು ಮಾತೇ.

ಶಾಲೆಯ ಹೆಡ್‌ಮಾಸ್ಟರು ನಂಜುಂಡೇಶ್ ಶಿಸ್ತಿನ ಮನುಷ್ಯ. ಮಕ್ಕಳಿಗೆ ಮಗ್ಗಿ ಬರದಿದ್ದರೆ ಅವರಿಗೆ ಅಷ್ಟು ನೋವಿಲ್ಲ. ಪ್ರಾರ್ಥನೆಯ ಸಾಲು ಸೊಟ್ಟಗಾದರೆ ಅನ್ನ ಇಳಿಯುವುದಿಲ್ಲ. ಶಿವರಾತ್ರಿ ಕಳೆದ ವಾರ ಅವರು ಚಿಕ್ಕತಾಯಮ್ಮನನ್ನು ಆಫೀಸಿಗೆ ಕರೆಸಿ, ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ಅವಳಿಗೆ ಅನುಮಾನ ಬಂತು.

"ನೋಡಿ ತಾಯಮ್ಮ, ಮಾದರಿ ಶಾಲೆ ಅಂತ ನಮ್ಮದನ್ನ ಆರಿಸೋಕೆ ಮುಂದಿನ ತಿಂಗಳು ತಪಾಸಣೆ ತಂಡ ಬರ್ತಾ ಇದೆ. ಪ್ರಾರ್ಥನೆಯಿಂದಲೇ ಶುರು ಮಾಡ್ತಾರೆ. ನಿಮ್ಮ ಮಗು ನಿಂತ್ಕೊಳ್ಳೋದು ನೀವೇ ನೋಡಿದ್ದೀರಲ್ಲ. ಅದಕ್ಕೇ ಒಂದು ಒಳ್ಳೇ ವ್ಯವಸ್ಥೆ ಇದೆ. ಗೃಹಾಧಾರಿತ ಶಿಕ್ಷಣ."

"ಅಂಗಂದ್ರ ಏನ್ ಸಾ?"

"ಹೆಸರು ಇಲ್ಲೇ ಇರುತ್ತೆ. ಹಾಜರಿ ಇಲ್ಲೇ ಬೀಳುತ್ತೆ. ಮಗು ಮಾತ್ರ ಮನೇಲಿರುತ್ತೆ. ಮೇಡಂ ಒಬ್ಬರು ಯಾವಾಗಲಾದರೂ ಬಂದು ನೋಡ್ಕೊಂಡು ಹೋಗ್ತಾರೆ. ಇಲ್ಲಿ ಒಂದು ರುಜು ಹಾಕಿ ಸಾಕು."

ಚಿಕ್ಕತಾಯಮ್ಮ ಕಾಗದವನ್ನು ನೋಡಿದಳು, ಹೆಡ್‌ಮಾಸ್ಟರನ್ನು ನೋಡಿದಳು.

"ಅಂಗಾರ ಒಂದ್ ಕೆಲ್ಸ ಮಾಡಿ ಸಾ. ಹೆಸ್ರ ಮನೇಲಿರ್ಲಿ. ಮಗ ಇಸ್ಕೂಲಲ್ಲಿರ್ಲಿ."

ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದ ಮೂರನೇ ಕ್ಲಾಸಿನ ವನಿತಾ ಮಿಸ್ಸು ಕೆಮ್ಮಿದಂತೆ ಮಾಡಿ ಮುಖ ತಿರುಗಿಸಿಕೊಂಡರು. ಹೆಡ್‌ಮಾಸ್ಟರು ನಗಲಿಲ್ಲ. ಕೊನೆಗೆ ಹೀಗೆ ತೀರ್ಮಾನವಾಯಿತು: ತಪಾಸಣೆ ದಿನ ಪ್ರಾರ್ಥನೆ ಮುಗಿಯುವವರೆಗೆ ಕೋಮಲ ಸಾಲು ಬಿಡದೆ, ಯಾರ ಮೇಲೂ ಬೀಳದೆ ನಿಂತರೆ ಶಾಲೆಯಲ್ಲೇ ಉಳಿಯುತ್ತಾಳೆ. ಬಿದ್ದರೆ ಅಜ್ಜಿ ರುಜು ಹಾಕಬೇಕು.

ಚಿಕ್ಕತಾಯಮ್ಮ ಅಳಲಿಲ್ಲ, ಹರಕೆ ಹೊರಲಿಲ್ಲ. ಎಣಿಸಲು ಕೂತಳು.

ಶಾಲೆಯ ಕಾಂಪೌಂಡಿನ ಆಚೆ ಒಂದು ಕಲ್ಲು ಚಪ್ಪಡಿ. ಅಲ್ಲಿ ಕೂತರೆ ಕೋಮಲಳ ಜಡೆ ನೇರ ಅಡುಗೆ ಕೋಣೆಯ ಕಿಟಕಿ ಸರಳಿಗೆ ಎದುರಾಗುತ್ತಿತ್ತು. ಜಡೆ ಸರಳು ದಾಟಿ ಬಂದರೆ ಒಂದು ಬೀಜ. ಸೋಮವಾರ ಸಿಮೆಂಟಿನ ಮೇಲೆ, ಬೂಟು ಹಾಕಿ, ಕಣ್ಣು ಮುಚ್ಚಿ, ಪ್ರಾರ್ಥನೆ ಮುಗಿಯುವಷ್ಟರಲ್ಲಿ ನಲವತ್ತೊಂದು. ಮಂಗಳವಾರವೂ ಹಾಗೇ, ನಲವತ್ತಮೂರು. ಬುಧವಾರ ಶಾಲೆಯ ಗಂಟೆಯ ಮೇಲೆ ಒಂದು ಗುಬ್ಬಿ ಕೂತಿತ್ತು. ಕೋಮಲ ಕಣ್ಣು ಮುಚ್ಚದೆ ಅದನ್ನೇ ನೋಡುತ್ತ ನಿಂತಳು. ಇಪ್ಪತ್ತಾರು. ಗುರುವಾರ ಬೂಟು ಒದ್ದೆಯಾಗಿ ಬರಿಗಾಲಲ್ಲಿ ಮಣ್ಣಿನ ಮೇಲೆ ನಿಂತಿದ್ದಳು. ಕಣ್ಣು ಮುಚ್ಚಿದ್ದರೂ ಮೂವತ್ತು. ಶುಕ್ರವಾರ ಅಜ್ಜಿ ಹಳೇ ಸೀರೆಯ ತುಂಡು ಹರಿದು, ನಾಟಿ ಹೆಂಗಸರು ಸೊಂಟಕ್ಕೆ ಬಿಗಿಯುವ ಹಾಗೆ ನಡುಕಟ್ಟು ಕಟ್ಟಿ ಕಳಿಸಿದಳು. ಇಪ್ಪತ್ತೆರಡು.

ಎಣಿಸುವ ಕೈ ಒಂದೇ ಕಡೆ ನಿಲ್ಲುವುದಿಲ್ಲ. ಬೇರೆಯವರನ್ನೂ ಎಣಿಸಿದಳು. "ಸಾವಧಾನ್! ಕಲ್ಲಿನ ಥರ ನಿಲ್ಲಬೇಕು!" ಎಂದು ಕೂಗುವ ಡ್ರಿಲ್ ಮೇಷ್ಟ್ರು ಅಮೃತೇಶ್ ಅದೇ ಶುಕ್ರವಾರದ ಪ್ರಾರ್ಥನೆಯಲ್ಲಿ ಕಾಲು ಬದಲಾಯಿಸಿದ್ದು ಹದಿನೇಳು ಸಲ. ಹೆಡ್‌ಮಾಸ್ಟರು ಪ್ಯಾಂಟು ಮೇಲೆಳೆದುಕೊಂಡದ್ದೂ ಸೇರಿ ಹದಿನಾಲ್ಕು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಬೀಜಗಳನ್ನು ಬೇರೆ ಗಂಟು ಕಟ್ಟಿಟ್ಟಳು.

ಆ ಭಾನುವಾರ ನರಸೀಪುರದ ಸಮುದಾಯ ಭವನದಲ್ಲಿ ಇಂಥ ಮಕ್ಕಳಿಗೆ ಶಿಬಿರ ಎಂದು ಇಂದ್ರಾಣಿಗೆ ಸುದ್ದಿ ಬಂತು. ಅತ್ತೆ, ಸೊಸೆ, ಮಗು ಮೂವರೂ ಹೋದರು. ಒಂಬತ್ತಕ್ಕೆ ಶಿಬಿರ. ಹನ್ನೊಂದೂವರೆಗೆ ದೀಪ ಹಚ್ಚಿದರು. ಬ್ಯಾನರಿನ ಮೇಲೆ ಹದಿನಾರು ಜನ ದೊಡ್ಡವರ ಮುಖ, ಮಕ್ಕಳದ್ದು ಒಂದೂ ಇಲ್ಲ. ಮುಖ್ಯ ಅತಿಥಿಗಳು ಸಮಾಜದಲ್ಲಿ ಸಮತೋಲನ ಎಂಬ ವಿಷಯದ ಮೇಲೆ ಮಾತಾಡಿದರು. ಆಮೇಲೆ ಮಕ್ಕಳಿಗೆ ಕೊಡಲು ತಂದಿದ್ದ ಅಲುಗುವ ಹಲಗೆಯನ್ನು ಉದ್ಘಾಟಿಸಬೇಕು. ಕೆಳಗೆ ಅರ್ಧಗುಂಡಿನ ಮರ, ಮೇಲೆ ಹಲಗೆ. ಅದರ ಮೇಲೆ ನಿಂತು ತೂಕ ಹಿಡಿಯುವುದು ಮಕ್ಕಳಿಗೆ ಅಭ್ಯಾಸ. ಟೇಪು ಕತ್ತರಿಸಿದರೆ ಸಾಲದು, ಅತಿಥಿಗಳೇ ಹತ್ತಿ ನಿಂತು ಫೋಟೋ ಆಗಲಿ ಎಂದು ಯಾರೋ ಅಂದರು. ಅತಿಥಿಗಳು ಹತ್ತಿದರು. ಎಡಕ್ಕೊಬ್ಬ, ಬಲಕ್ಕೊಬ್ಬ, ಬೆನ್ನಿಗೊಬ್ಬ ಹಿಡಿದುಕೊಂಡರು. ಫೋಟೋಗಾಗಿ ಮೂವರೂ ಒಂದೇ ಗಳಿಗೆ ಕೈಬಿಟ್ಟರು. ಅತಿಥಿಗಳು ಹೂವಿನ ಹಾರದ ಸಮೇತ ಮೊದಲ ಸಾಲಿನ ಕುರ್ಚಿಗೆ ಬಂದು ಕೂತರು. ಸಭೆ ಚಪ್ಪಾಳೆ ತಟ್ಟಿತು.

"ಇವ್ರುಗೂ ಒಂದ್ ಕಾಗ್ದ ಬರ್ಕೊಟ್ಟಾರಾ ಅತ್ತೆ, ಮನೇಲೇ ಇರಿ ಅಂತ?" ಅಂದಳು ಇಂದ್ರಾಣಿ.

"ಸುಮ್ನಿರವ್ವ, ನಂ ಸರದಿ ಬರ್ಲಿ."

ಸರದಿ ಬಂದದ್ದು ಮಧ್ಯಾಹ್ನ ಎರಡಕ್ಕೆ. ಮಕ್ಕಳನ್ನು ನೋಡುತ್ತಿದ್ದವಳು ಅರ್ಪಿತ ಎಂಬ ಫಿಸಿಯೋಥೆರಪಿಯ ಹುಡುಗಿ. ಬೆಳಗ್ಗೆಯಿಂದ ಕಾಫಿಯೂ ಕುಡಿದಂತಿರಲಿಲ್ಲ. ಕೋಮಲಳನ್ನು ಸ್ಪಂಜಿನ ಮೇಲೆ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಬಿಡಿಸಿ, ಒಂದು ಕಾಲಲ್ಲಿ ನಿಲ್ಲಿಸಿ ನೋಡಿದಳು.

"ಅಜ್ಜಿ, ಇವಳು ಕಣ್ಣು ಮುಚ್ಚಿದಾಗ..."

"ನಲ್ವತ್ತೊಂದು ಕನವ್ವ. ತಗದ್ರ ಇಪ್ಪತ್ತಾರು." ಚಿಕ್ಕತಾಯಮ್ಮ ಚೀಲ ಬಿಚ್ಚಿ ವಾರದ ಲೆಕ್ಕವನ್ನೆಲ್ಲ ಒಪ್ಪಿಸಿದಳು. ಜಡೆ, ಕಿಟಕಿ ಸರಳು, ಗುಬ್ಬಿ, ಬೂಟು, ನಡುಕಟ್ಟು.

ಅರ್ಪಿತ ಪೆನ್ನು ಕೆಳಗಿಟ್ಟಳು. "ಇದನ್ನ ಅಳೆಯೋಕೆ ನಮ್ಮ ಕಾಲೇಜಲ್ಲಿ ದೊಡ್ಡ ಮಿಷನ್ ಇದೆ ಅಜ್ಜಿ. ಅದೂ ಇಷ್ಟೇ ಹೇಳೋದು. ನಾವು ನೆಟ್ಟಗೆ ನಿಲ್ಲೋಕೆ ಮೂರು ಕಡೆಯಿಂದ ಸುದ್ದಿ ಬರಬೇಕು. ಕಣ್ಣಿಂದ, ಕಿವಿಯ ಒಳಗಿಂದ, ಅಂಗಾಲು ಕೀಲುಗಳಿಂದ. ಈ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಮೂರನ್ನೂ ಕೂಡಿಸ್ಕೊಳ್ಳೋದು ಕಷ್ಟ. ಕಣ್ಣನ್ನೇ ಹೆಚ್ಚು ನೆಚ್ಕೊಂಡಿರ್ತಾರೆ. ಇವಳೂ ಹಾಗೇ. ಅದನ್ನೂ ಮುಚ್ಚಿಸಿದ್ರೆ..."

"ಮೂರಾಳಲ್ಲಿ ಗೇಯೋ ಆಳ್ನೇ ಮನೆಗ್ ಕಳಿಸ್ದಂಗ."

"ಹಾಗೇ ಅಜ್ಜಿ. ಬರಿಗಾಲು ಒಳ್ಳೇದು, ನೆಲದ ಸುದ್ದಿ ಸಿಗುತ್ತೆ. ನಡುಕಟ್ಟು ಬಿಗಿಯಾಗಿರೋದೂ ಇವಳಿಗೆ ಒಗ್ಗಿದೆ. ಉಸಿರು ಕಟ್ಟೋ ಹಾಗೆ ಬಿಗೀಬೇಡಿ, ಅಷ್ಟೇ. ತೂಗೋದನ್ನ ಪೂರ್ತಿ ನಿಲ್ಲಿಸೋಕೆ ಹೋಗ್ಬೇಡಿ. ಬೀಳದೇ ಇದ್ರೆ ಸಾಕು."

ಅಲುಗುವ ಹಲಗೆಯನ್ನು ಅರ್ಪಿತಳೇ ಶಾಲೆಯ ಹೆಸರಿಗೆ ಕೊಡಿಸಿದಳು. ಸೋಮವಾರ ಹೆಡ್‌ಮಾಸ್ಟರು ಅದನ್ನು ಎರಡೂ ಕೈಯಲ್ಲಿ ಗೌರವದಿಂದ ಇಸಕೊಂಡು, ದಾಸ್ತಾನು ಪುಸ್ತಕದಲ್ಲಿ ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಮಗ ನಿಂತ್ಕಳ್ಳಕ್ಕಲ್ವ ಸಾ ಕೊಟ್ಟಿದ್ದು?"

"ನಿಂತು ಮುರಿದು ಹೋದ್ರೆ ಉತ್ತರ ಕೊಡೋರು ಯಾರು ತಾಯಮ್ಮ?"

ಹಲಗೆ ಬೀರುವಿನಲ್ಲಿ ಕ್ಷೇಮವಾಗಿರಲಿ ಎಂದು ಚಿಕ್ಕತಾಯಮ್ಮ ಮೊಮ್ಮಗಳನ್ನು ಗದ್ದೆಗೆ ಕರೆದುಕೊಂಡು ಹೋದಳು. ದಿನಾ ಬೆಳಗ್ಗೆ ಬದುವಿನ ಮೇಲೆ ಒಂದರ ಮುಂದೊಂದು ಹೆಜ್ಜೆ, ಆಮೇಲೆ ಕೆಸರಿನಲ್ಲಿ ಮೀನಖಂಡ ಮುಳುಗುವವರೆಗೆ ನಿಲ್ಲುವುದು. ಸಿಮೆಂಟಿನ ಮೇಲೆ ತುದಿಗಾಲಲ್ಲೇ ಇರುತ್ತಿದ್ದವಳು ಕೆಸರಿನಲ್ಲಿ ಹಿಮ್ಮಡಿ ಊರಿದಳು. ಮೂರನೇ ದಿನ ತಾನೇ ಅಜ್ಜಿಯ ಕೈ ಬಿಟ್ಟಳು. ನಾಟಿಯಲ್ಲಿ ಪಳಗಿದ ಅಜ್ಜಿ ಒಂದೇ ಮಾತು ಹೇಳುತ್ತಿದ್ದಳು: "ಮಂಡಿ ಸೆಟೀಬ್ಯಾಡ ಕನವ್ವ. ಸೆಟದ್ರ ಬಿದ್ದೋಯ್ತೀಯ. ತೂಗು, ಬೀಳ್ಬ್ಯಾಡ."

ಹದಿನೈದು ದಿನಕ್ಕೆ, ಗದ್ದೆಯಲ್ಲಿ ಒಂದು ಪ್ರಾರ್ಥನೆಯಷ್ಟು ಹೊತ್ತಿನ ಲೆಕ್ಕ ಹದಿನೆಂಟಕ್ಕೆ ಇಳಿಯಿತು. ಆಗ ಅವಳು ಹೆಡ್‌ಮಾಸ್ಟರ ಹತ್ತಿರ ಮೂರು ಬೇಡಿಕೆ ಇಟ್ಟಳು. ಮಗು ಬರಿಗಾಲಲ್ಲಿ ನಿಲ್ಲಲಿ, ಕಣ್ಣು ಬಿಟ್ಟುಕೊಂಡಿರಲಿ, ನಡುಕಟ್ಟು ಇರಲಿ.

"ಬರಿಗಾಲು ಆಗಲ್ಲ. ಬೂಟು ಕೊಟ್ಟಿರೋದು ತಪಾಸಣೆಗೆ ಕಾಣಬೇಕು."

"ಕಣ್ಣು?"

"ಕಣ್ಣು ಬಿಟ್ಕೊಂಡು ಪ್ರಾರ್ಥನೆ ಮಾಡೋಕೆ ಇದೇನು ಸಿನಿಮಾನಾ?"

"ನಡುಕಟ್ಟು ಸಾ?"

"ಮೂರನೇ ಕ್ಲಾಸಿನ ಮಗು ಅದು, ಬಾಣಂತೀನಾ?"

"ನೀವೂ ಕಟ್ಕಂಡಿದ್ದೀರಲ್ಲ ಸಾ ಸೊಂಟಕ್ಕ."

"ಇದು ಬೆಲ್ಟು! ಪ್ಯಾಂಟು ನಿಲ್ಲೋಕೆ."

"ಅದು ಮಗ ನಿಲ್ಲಾಕ."

ಹೆಡ್‌ಮಾಸ್ಟರು ನಿಯಮ ನಿಯಮವೇ ಅಂದರು. ಆದರೆ ವನಿತಾ ಮಿಸ್ಸು ಅಂದಿನಿಂದ ಕೋಮಲಳನ್ನು ಕೊನೆಯ ಸಾಲಿನ ಕೊನೆಗೆ ನಿಲ್ಲಿಸಿದರು. ಅಲ್ಲಿ ಸಿಮೆಂಟು ಮುಗಿದು ಮಣ್ಣು. ನಡುಕಟ್ಟು ಅಂಗಿಯ ಒಳಗೆ ಹೋಯಿತು. ಬೂಟು ಪಕ್ಕದಲ್ಲಿ, ಜೊತೆಯಾಗಿ, ತಪಾಸಣೆಗೆ ಕಾಣುವಂತೆ. ಕಣ್ಣಿನ ವಿಷಯ ಮಿಸ್ಸಿಗೆ ಕಾಣಲೇ ಇಲ್ಲ. ಅವರು ಕಣ್ಣು ಮುಚ್ಚಿರುತ್ತಿದ್ದರು.

ತಪಾಸಣೆಯ ದಿನ ಬಂತು. ಪ್ರಾರ್ಥನೆ ಒಂಬತ್ತೂಮುಕ್ಕಾಲಿಗೆ. ಮಕ್ಕಳಿಗೆ ಎಂಟಕ್ಕೇ ಬರಲು ಹೇಳಿದ್ದರಿಂದ ಅರ್ಧದಷ್ಟು ಮಕ್ಕಳು ತಿಂಡಿ ತಿಂದಿರಲಿಲ್ಲ. ತಂಡ ಬಿಳಿಗೆರೆ ಕಡೆಯ ಒಂದು ಶಾಲೆ ಮುಗಿಸಿಕೊಂಡು ಬರಬೇಕು. ಮಕ್ಕಳೆಲ್ಲ ಸಾಲಾಗಿ ನಿಂತ ಮೇಲೆ, ಅಲ್ಲಿ ಸನ್ಮಾನ ಉದ್ದವಾಯಿತು ಎಂದು ಫೋನು ಬಂತು. ಹೆಡ್‌ಮಾಸ್ಟರು ಯೋಚಿಸಿದರು. ಒಳಗೆ ಕಳಿಸಿದರೆ ಇಷ್ಟು ಕಷ್ಟಪಟ್ಟು ಹಾಕಿದ ಸಾಲು ಕೆಡುತ್ತದೆ. "ಹಾಗೇ ಸಾವಧಾನ್‌ನಲ್ಲಿರಲಿ. ಇನ್ನೇನು ಬಂದುಬಿಟ್ಟರು" ಅಂದರು. ತಾವೂ ಮಾದರಿಯಾಗಿರಲಿ ಎಂದು ಹೂಗುಚ್ಛ ಹಿಡಿದು ಮೈಕಿನ ಪಕ್ಕ ಸೆಟೆದು ನಿಂತರು. ಈ ಸಲ ಪ್ಯಾಂಟನ್ನೂ ಮೇಲೆಳೆದುಕೊಳ್ಳಲಿಲ್ಲ.

ಹತ್ತು ಗಂಟೆಗೆ ತಂಡ ನಂಜನಗೂಡು ಬಿಟ್ಟಿತು ಎಂದು ಫೋನು. ಹತ್ತೂಕಾಲಿಗೆ, ಇಲ್ಲ, ಕಾಫಿಗೆ ನಿಂತಿದ್ದಾರೆ ಎಂದು ಫೋನು. ಬಿಸಿಲು ಏರಿತು. ಅಮೃತೇಶ್ ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತ, "ಮಂಡಿ ಬಗ್ಗಬಾರದು! ಕಲ್ಲು! ಕಲ್ಲು!" ಎನ್ನುತ್ತಿದ್ದರು. ಓಡಾಡುತ್ತಿದ್ದರಿಂದ ಅವರಿಗೆ ಏನೂ ಆಗಲಿಲ್ಲ.

ಚಪ್ಪಡಿಯ ಮೇಲೆ ಕೂತ ಚಿಕ್ಕತಾಯಮ್ಮನ ಕಣ್ಣು ಮೊಮ್ಮಗಳ ಮೇಲಿತ್ತು. ಆದರೂ ಮುಂದಿನ ಸಾಲಿನ ಬಣ್ಣ ಇಳಿಯುವುದು ಅವಳಿಗೆ ಮೊದಲು ಕಂಡಿತು. ಎದ್ದು ಕೂಗಿದಳು, "ಮಂಡಿ ಸಡ್ಲ ಬುಡ್ರವ್ವಾ! ಕಾಲ್ ಆಡ್ಸಿ!"

"ಅಜ್ಜಿ, ಶಿಸ್ತಿನ ಮಧ್ಯೆ ಬಾಯಿ ಹಾಕ್ಬೇಡಿ!"

ಹತ್ತೂವರೆಗೆ ಮೊದಲ ಸಾಲಿನಲ್ಲಿ ಶಾಲಾ ನಾಯಕಿ ಉರುಳಿದಳು. ಅವಳ ಪಕ್ಕದವಳು. ಆಚೆ ಕಡೆಯವನು. ಅಡುಗೆಯವರು ನೀರು, ಮಜ್ಜಿಗೆ ತಂದು, ಬಿದ್ದವರನ್ನು ಹೊಂಗೆ ಮರದ ನೆರಳಿಗೆ ಎತ್ತಿಕೊಂಡು ಹೋದರು. ಅಲ್ಲಿ ಮಲಗಿದ್ದೇ ಮಕ್ಕಳು ಕಣ್ಣುಬಿಟ್ಟು ಮಜ್ಜಿಗೆ ಕೇಳಿದವು. ಇಷ್ಟಾದ ಮೇಲೆ ಯಾರಾದರೂ ಮಕ್ಕಳನ್ನು ಒಳಗೆ ಕಳಿಸುತ್ತಾರೆ. ಹೆಡ್‌ಮಾಸ್ಟರಿಗೆ ಸಾಲಿನಲ್ಲಿ ಬಿದ್ದ ಖಾಲಿ ಜಾಗ ಕಂಡಿತು. "ಹಿಂದಿನವರು ಮುಂದೆ ಬಂದು ಭರ್ತಿ ಮಾಡಿ!" ಅಂದರು.

ಹೀಗೆ ಒಂಬತ್ತು ಮಕ್ಕಳು ಬಿದ್ದರು. ಒಬ್ಬೊಬ್ಬರು ಬಿದ್ದಾಗಲೂ ಹಿಂದಿನವರು ಮುಂದೆ ಸರಿದರು. ಕೊನೆಯ ಸಾಲಿನ ಕೊನೆಯಲ್ಲಿದ್ದ ಕೋಮಲ ಬಡ್ತಿ ಪಡೆಯುತ್ತ ಪಡೆಯುತ್ತ, ಅಂಗಿಯೊಳಗಿನ ನಡುಕಟ್ಟಿನ ಸಮೇತ, ಬರಿಗಾಲಲ್ಲಿ, ಹನ್ನೊಂದು ಗಂಟೆಗೆ ಮೊದಲ ಸಾಲಿಗೆ ಬಂದಳು. ಈಗ ಕಾಲ ಕೆಳಗೆ ಮಣ್ಣಿಲ್ಲ, ಸಿಮೆಂಟು. ಹುಡುಗಿ ತುದಿಗಾಲಿಗೆ ಎದ್ದಳು, ಪಕ್ಕಕ್ಕೆ ವಾಲಿದಳು, ಇನ್ನೇನು ಪಕ್ಕದವಳ ಹೆಗಲಿಗೆ ತಾಗಬೇಕು. ಅಷ್ಟರಲ್ಲಿ ಎದುರಿಗಿದ್ದ ಹೂಗುಚ್ಛದ ಕೆಂಪು ರಿಬ್ಬನ್ನು ಅವಳ ಕಣ್ಣಿಗೆ ಸಿಕ್ಕಿತು. ಅದನ್ನೇ ನೋಡುತ್ತ ಹಿಮ್ಮಡಿ ಊರಿದಳು. ಹಿಂದಕ್ಕೆ, ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ. ನಿಂತಳು.

ಹನ್ನೊಂದೂ ಐದಕ್ಕೆ ತಂಡದ ಜೀಪು ಗೇಟಿನೊಳಗೆ ತಿರುಗಿತು. ಹೆಡ್‌ಮಾಸ್ಟರು ಹೂಗುಚ್ಛ ಮುಂದೆ ಚಾಚಿದರು. ಹೂಗುಚ್ಛ ಮೊದಲು ಹೋಯಿತು, ಅದರ ಹಿಂದೆ ಅವರೂ ಹೋದರು. ಅಮೃತೇಶ್ ಮೇಷ್ಟ್ರು ಓಡಿಬಂದು ಹಿಡಿಯುವಷ್ಟರಲ್ಲಿ ನೆಲ ಹಿಡಿದಿತ್ತು.

ಜೀಪಿನಿಂದ ಇಳಿದ ಹಿರಿಯ ಅಧಿಕಾರಿ ಎಲ್ಲವನ್ನೂ ನೋಡಿದರು. ಮರದ ಕೆಳಗೆ ಒಂಬತ್ತು ಮಕ್ಕಳು, ಮೈಕಿನ ಕೆಳಗೆ ಒಬ್ಬ ಹೆಡ್‌ಮಾಸ್ಟರು. ನೋಡಿ, ಮೊದಲ ಸಾಲಿನತ್ತ ಬೆರಳು ತೋರಿಸಿ ಕೇಳಿದರು:

"ಈ ಮಗು ಯಾಕ್ರೀ ಅಲ್ಲಾಡ್ತಾ ಇದೆ?"

ನಾಲ್ಕು ದಿನದ ಮೇಲೆ ಚಿಕ್ಕತಾಯಮ್ಮನಿಗೆ ಮತ್ತೆ ಆಫೀಸಿಗೆ ಕರೆ ಬಂತು. ಮತ್ತೆ ಕುರ್ಚಿ. ಹೆಡ್‌ಮಾಸ್ಟರ ಹಣೆಯ ಮೇಲೆ ಬ್ಯಾಂಡೇಜು. ಮೇಜಿನ ಮೇಲೆ ಅದೇ ಕಾಗದ, ಜೊತೆಗೆ ಹೊಸದೊಂದು ವರದಿ. ವನಿತಾ ಮಿಸ್ಸಿಗೆ ಓದಲು ಹೇಳಿದರು. ಮಿಸ್ಸು ಓದಿದರು: ಒಂದು ಮಗು ಸತತವಾಗಿ ತೂಗಾಡುತ್ತಿದ್ದುದನ್ನು ನೋಡಿ ಇತರ ಮಕ್ಕಳಿಗೂ ಮುಖ್ಯ ಶಿಕ್ಷಕರಿಗೂ ತಲೆಸುತ್ತು ಬಂದಿರುವ ಸಾಧ್ಯತೆ ಇದೆ. ಸದರಿ ಮಗುವನ್ನು ಗೃಹಾಧಾರಿತ ಶಿಕ್ಷಣಕ್ಕೆ ಸೇರಿಸುವುದು ಸೂಕ್ತ.

ಚಿಕ್ಕತಾಯಮ್ಮ ಇನ್ನೊಂದು ಸಲ ಓದಿಸಿದಳು.

"ಒಂದ್ ಕೇಳ್ತೀನಿ ಸಾ, ಬೇಜಾರ್ ಮಾಡ್ಕಬ್ಯಾಡಿ. ಮೊದ್ಲು ಬಿದ್ದ ಮೂವರೂ ಮುಂದ್ಲ ಸಾಲು. ಕೋಮಲ ಆಗ ಹಿಂದ್ಲ ಸಾಲು. ಆ ಮಕ್ಕಳ್ಗ ಬೆನ್ನಲ್ಲಿ ಕಣ್ಣಿದ್ದವಾ?"

"ಅದು ತಂಡದ ಅಭಿಪ್ರಾಯ ತಾಯಮ್ಮ."

"ಆಗ್ಲಿ. ಒಪ್ಕಂಡಂಗ ರುಜು ಆಕ್ತೀನಿ. ನಾ ಮಾತ್ ತಪ್ಪೋಳಲ್ಲ. ಬಿದ್ರ ರುಜು ಅಂತ ನೀವ್ ಹೇಳಿದ್ರಿ. ಯಾರ್ಯಾರ್ ಬಿದ್ರು ಅನ್ನದ್ನೂ ಅದ್ರಲ್ಲೇ ಬರೀರಿ. ಒಂಬತ್ತೂಮುಕ್ಕಾಲ್ಗ ಎಲ್ರೂ ನಿಂತ್ರು. ಹತ್ತೂವರಗ ಮೊದ್ಲನೇ ಮಗ. ಹನ್ನೊಂದೂ ಐದ್ಕ ಹೆಡ್‌ಮೇಷ್ಟ್ರು. ಕೋಮಲ, ಹನ್ನೊಂದೂ ಕಾಲ್ಗ ಸಾಹೇಬ್ರು ಕುಂತ್ಕಳ್ಳಿ ಅಂದಾಗ ಕುಂತ್ಕಂಡ್ಳು. ಇಷ್ಟು ಬರೀರಿ, ಓದಿ ಹೇಳಿ, ನಾ ಹೆಬ್ಬೆಟ್ಟಲ್ಲ, ಹೆಸ್ರೇ ಬರಿತೀನಿ."

ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ತೆಗೆದರು. ಕಾಗದ ನೋಡಿದರು. ಇದು ಮೇಲಕ್ಕೆ ಹೋಗುವ ಕಾಗದ. ಇದರಲ್ಲಿ ಹನ್ನೊಂದೂ ಐದು ಎಂದು ಬರೆದರೆ ಕೆಳಗೆ ಅವರ ಮುದ್ರೆಯೂ ಬೀಳಬೇಕು. ಮುಚ್ಚಳ ಹಾಕಿದರು. ಮತ್ತೆ ತೆಗೆದರು.

"ಅದೆಲ್ಲ ಯಾಕೆ ತಾಯಮ್ಮ, ಅನವಶ್ಯಕ..."

"ನಾನೇ ಬರೀಲಾ ಸರ್?" ಅಂದರು ವನಿತಾ ಮಿಸ್ಸು. "ಅಕ್ಷರ ಚೆನ್ನಾಗಿರುತ್ತೆ."

"ನೀವು ಕ್ಲಾಸಿಗೆ ಹೋಗಿ!"

ಚಿಕ್ಕತಾಯಮ್ಮನಿಗೆ ಅವಸರವಿರಲಿಲ್ಲ. ಒಂದು ಗದ್ದೆ ನಾಟಿಯಾಗುವ ತನಕ ಬದುವಿನ ಮೇಲೆ ಬಿಸಿಲಲ್ಲಿ ನಿಂತವಳಿಗೆ ಫ್ಯಾನಿನ ಕೆಳಗಿನ ಕುರ್ಚಿ ಏನು ಕಷ್ಟ? ಸೆರಗು ಸರಿಮಾಡಿಕೊಂಡು ಕಾದಳು. ಊಟದ ಗಂಟೆ ಹೊಡೆಯಿತು. ಹೆಡ್‌ಮಾಸ್ಟರು ಕಾಗದಗಳನ್ನು ಮಡಿಸಿ, "ನೋಡೋಣ, ಮುಂದೆ ನೋಡೋಣ" ಎಂದು ಎದ್ದರು.

"ನೋಡದ ಸಾ. ನೀವು ಬರ್ದ ದಿನ ಹೇಳ್ ಕಳ್ಸಿ."

ಆ ದಿನ ಇನ್ನೂ ಬಂದಿಲ್ಲ. ಕೋಮಲ ದಿನಾ ಶಾಲೆಗೆ ಹೋಗುತ್ತಾಳೆ, ಕೊನೆಯ ಸಾಲಿನ ಕೊನೆಯಲ್ಲಿ ಬರಿಗಾಲಲ್ಲಿ ನಿಲ್ಲುತ್ತಾಳೆ, ತೂಗುತ್ತಾಳೆ, ತಿಂಗಳಲ್ಲಿ ಒಂದೆರಡು ಸಲ ಪಕ್ಕದವಳ ಮೇಲೆ ಬೀಳುತ್ತಾಳೆ. ಪಕ್ಕದವಳು ಈಗ ಮೊದಲೇ ಕೈ ಕೊಟ್ಟಿರುತ್ತಾಳೆ. ಹೆಡ್‌ಮಾಸ್ಟರು ಡಾಕ್ಟರ ಚೀಟಿ ತಂದಿದ್ದಾರೆ, ಹೆಚ್ಚು ಹೊತ್ತು ನಿಲ್ಲಬಾರದಂತೆ. ಪ್ರಾರ್ಥನೆಯ ಹೊತ್ತಿಗೆ ಮೈಕಿನ ಪಕ್ಕ ಅವರಿಗೊಂದು ಕುರ್ಚಿ ಹಾಕುತ್ತಾರೆ.

"ಅವ್ರುನ್ನೂ ಮನೇಲೇ ಇಟ್ಕಂಡು, ಹೆಸ್ರ ಮಾತ್ರ ಇಸ್ಕೂಲ್ಗ ಕಳ್ಸಿದ್ರಾಗಿತ್ತು ಅಲ್ವ ಅತ್ತೆ?" ಎಂದು ಇಂದ್ರಾಣಿ ಒಂದು ದಿನ ಕೇಳಿದಳು.

"ಬ್ಯಾಡ ಕನವ್ವ," ಅಂದಳು ಚಿಕ್ಕತಾಯಮ್ಮ. "ಮನೇಲಿ ಅವ್ರ್ನ ನೋಡ್ಕಳ್ಳೋರು ಯಾರಿದ್ದಾರು? ಇಲ್ಲೇ ಇರ್ಲಿ. ನಾಕ್ ಮಕ್ಕಳ ಜೊತ ಕಲ್ತ್ಕತಾರ."